ಕತ್ತಲ ಕೋಣೆಯಲ್ಲಿ ಟೋಪಿ ಪಾಠ

"ನನ್ನ ಮೈಯಲ್ಲಿ ಉಸಿರಿರೋವರೆಗೂ ಈ ಮನೆ ಹೊಸ್ತಿಲನ್ನ ಯಾವ ರಿಪೇರಿಯವನೂ ದಾಟಕೂಡದು!"

ಊಟದ ಮೇಜಿನ ಮುಂದೆ ಎದ್ದು ನಿಂತು, ಬಲಗೈಯಲ್ಲಿ ಸ್ಕ್ರೂಡ್ರೈವರನ್ನು ಕತ್ತಿಯಂತೆ ಎತ್ತಿ ಹಿಡಿದು, ಎಂಜಿನಿಯರ್ರು ಹೀಗೆ ಘೋಷಿಸಿದರು. ಎಂಜಿನಿಯರ್ರು ಎಂದರೆ ಅವರೇನೂ ಎಂಜಿನಿಯರಿಂಗ್ ಓದಿದವರಲ್ಲ. ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ಹಿರಿಯ ಗುಮಾಸ್ತರು. ಮದುವೆಯಾದ ಹೊಸದರಲ್ಲಿ ಕರೆಗಂಟೆ ರಿಪೇರಿ ಮಾಡಹೋಗಿ, ಯಾರಾದರೂ ಬಾಗಿಲಲ್ಲಿ ಗುಂಡಿ ಒತ್ತಿದರೆ ಬಚ್ಚಲುಮನೆಯ ದೀಪ ಹತ್ತುವಂತೆ ಮಾಡಿಟ್ಟಾಗ ಹೆಂಡತಿ ಕೊಟ್ಟ ಹೆಸರು ಅದು. ಅವಳು ಕೊಟ್ಟದ್ದು ಕುಟುಕುವುದಕ್ಕೆ, ಅವರು ಸ್ವೀಕರಿಸಿದ್ದು ಬಿರುದೆಂದು. ಅಲ್ಲಿಂದೀಚೆಗೆ ಆ ಮನೆಯ ಮಿಕ್ಸಿ ಒಂದನೇ ನಂಬರಿಗೆ ತಿರುಗಿಸಿದರೆ ಹುಚ್ಚೆದ್ದು ಓಡುತ್ತಿತ್ತು, ಮೂರಕ್ಕೆ ತಿರುಗಿಸಿದರೆ ತೂಕಡಿಸುತ್ತಿತ್ತು. ಎಲ್ಲರೂ ಅದಕ್ಕೆ ಒಗ್ಗಿಹೋಗಿದ್ದರು.

ಈ ಸಲದ ಘೋಷಣೆಗೆ ಕಾರಣ ಹೆಂಡತಿಗೆ ಬಂದ ಒಂದು ಕರೆ.

ಅವಳು ಹೆಣಿಗೆ ಕಲಿಸುತ್ತಿದ್ದಳು. ಹೊರಗಿನ ಕೋಣೆಯ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರೆ ಸುತ್ತ ನಾಲ್ಕಾರು ಹೆಂಗಸರು ಉಲ್ಲನ್ ಉಂಡೆ, ಕಡ್ಡಿ ಹಿಡಿದು ಸೇರುತ್ತಿದ್ದರು. ಅವಳ ಕೈಯಲ್ಲಿ ಕಡ್ಡಿಗಳು ಆಡುವುದನ್ನು ನೋಡುವುದೇ ಒಂದು ಸೊಗಸು. ಆದರೆ ನೆಂಟರ ಬಾಯಲ್ಲಿ ಅದು, ಹೊತ್ತು ಹೋಗುವುದಕ್ಕೆ ಏನೋ ಹೆಣೆಯುತ್ತಾಳೆ ಎಂಬಷ್ಟಕ್ಕೇ ನಿಲ್ಲುತ್ತಿತ್ತು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆ ನಗು ಪೂರ್ತಿ ನಗುವಲ್ಲ ಎಂಬುದು ಗಂಡನಿಗೆ ಗೊತ್ತಿತ್ತು, ಗೊತ್ತಿದ್ದೂ ಅವರು ಏನೂ ಮಾಡಿರಲಿಲ್ಲ.

ಹಾಗಿರುವಾಗ ಹೆಂಗಸರಿಗೆ ಕಸುಬು ಕಲಿಸುವ ತರಬೇತಿ ಕೇಂದ್ರದಿಂದ ಫೋನು ಬಂತು. ದೂರದೂರದ ವಿದ್ಯಾರ್ಥಿನಿಯರಿಗೆ ವಿಡಿಯೋದಲ್ಲಿ ಹೆಣಿಗೆ ಕಲಿಸುವವರು ಬೇಕು. ಶನಿವಾರ ಸಂಜೆ ಒಂದು ಪಾಠ ಮಾಡಿ ತೋರಿಸಬೇಕು, ಕೇಂದ್ರದ ಮುಖ್ಯಸ್ಥೆ ಸ್ವತಃ ಕೂತು ನೋಡುತ್ತಾರೆ, ಒಪ್ಪಿದರೆ ನೇಮಕ. ಈ ಸುದ್ದಿಯನ್ನು ಅವಳು ಗಂಡನಿಗೆ ಹೇಳಿದ್ದು ಪಿಸುಮಾತಿನಲ್ಲಿ, ಗಟ್ಟಿಯಾಗಿ ಹೇಳಿದರೆ ಎಲ್ಲಿ ಒಡೆದುಹೋಗುತ್ತದೋ ಎಂಬಂತೆ.

"ನನ್ನನ್ನ ಟೀಚರ್ ಅಂತ ಕಾಗದದಲ್ಲಿ ಬರೆದು ಕೊಡ್ತಾರಂತೆ ರೀ," ಎಂದಳು.

ಎಂಜಿನಿಯರ್ರು ಎದ್ದು ಸ್ಕ್ರೂಡ್ರೈವರ್ ಹುಡುಕತೊಡಗಿದರು. ಮನಸ್ಸು ತುಂಬಿ ಬಂದಾಗಲೆಲ್ಲ ಅವರು ಹುಡುಕುವುದು ಅದನ್ನೇ. ಅದು ಅವರ ಸ್ವಭಾವ.

ಅವಳ ಸಿದ್ಧತೆ ಬಲು ಸರಳವಾಗಿತ್ತು. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಸಕ್ಕರೆ ಡಬ್ಬ, ಡಬ್ಬಕ್ಕೆ ಒರಗಿಸಿದ ಫೋನು. ಎದುರಿಗೆ ಕೂತು ಒಂದು ಸಾಲು ಹೆಣೆದು ನೋಡಿದಳು. ಕೈ ಸ್ಪಷ್ಟವಾಗಿ ಕಂಡಿತು. ಇಷ್ಟು ಸಾಕು ಎಂದಳು. ಎಂಜಿನಿಯರ್ರಿಗೆ ಇಡೀ ಕನ್ನಡದಲ್ಲಿ ಆಗದ ಪದವೊಂದಿದ್ದರೆ ಅದು 'ಸಾಕು'.

"ಅಷ್ಟು ದೊಡ್ಡ ಸಂಸ್ಥೆ ಮುಖ್ಯಸ್ಥೆ, ಸಕ್ಕರೆ ಡಬ್ಬಕ್ಕೆ ಒರಗಿರೋ ಪಾಠ ನೋಡ್ಬೇಕಾ?"

"ಅವರಿಗೆ ಡಬ್ಬ ಕಾಣಲ್ಲ ರೀ. ಕೈ ಕಾಣುತ್ತೆ."

"ಮುಖ ಯಾರು ತೋರಿಸ್ತಾರೆ? ಹೆಸರು ಯಾರು ತೋರಿಸ್ತಾರೆ? ನೀನು ಸುಮ್ನಿರು. ನಾನು ಸ್ಟುಡಿಯೋ ಕಟ್ತೀನಿ."

ಹಾಗಾದರೆ ತಿಳಿದ ರಿಪೇರಿಯವನನ್ನಾದರೂ ಕರೆಸಿ ಎಂದು ಅವಳು ಹೇಳಿದ್ದಕ್ಕೇ ಆ ಘೋಷಣೆ ಬಂದದ್ದು. ಕಟ್ಟಿಯೇಬಿಟ್ಟರು! ಹಳೆಯ ಛತ್ರಿಯ ಕಡ್ಡಿಗಳನ್ನು ಬಗ್ಗಿಸಿ, ಮೇಜಿನ ಮೇಲೆ ಒಂದು ಚೌಕಟ್ಟು ನಿಲ್ಲಿಸಿ, ಅದರ ನೆತ್ತಿಗೆ ಹೆಂಡತಿಯ ಫೋನನ್ನು ಕೆಳಮುಖವಾಗಿ ಅಂಟುಪಟ್ಟಿಯಿಂದ ಸುತ್ತಿದರು. ಅದು ಕೈ ನೋಡಬೇಕು. ಲ್ಯಾಪ್‌ಟಾಪಿನ ಕ್ಯಾಮೆರಾ ಮುಖ ನೋಡಬೇಕು. ಇವೆರಡನ್ನೂ ಬೆಸೆದು, ಕೆಳಗೆ ಬಂಗಾರದ ಬಣ್ಣದಲ್ಲಿ 'ಹೆಣಿಗೆ ಕಲೆ' ಎಂದು ಬರೆದು ಕಳಿಸುವುದಕ್ಕೆ 'ವರ್ಚುವಲ್ ಕ್ಯಾಮೆರಾ' ಎಂಬ ತಂತ್ರಾಂಶವನ್ನೂ, ಅದರ ಹಿಂದೆ ದುಡಿಯುವ ಡ್ರೈವರನ್ನೂ ಕಂಪ್ಯೂಟರಿಗೆ ಇಳಿಸಿಕೊಂಡರು. ಕೋಣೆಯ ಮೂಲೆಯಲ್ಲಿ ಕೂತು ಇದನ್ನೆಲ್ಲ ಗಮನಿಸುತ್ತಿದ್ದ ಅವರ ತಾಯಿ, ಏನದು ಎಂದು ಕೇಳಿದರು.

"ಅದು ನಿಜವಾದ ಕ್ಯಾಮೆರಾ ಅಲ್ಲಮ್ಮ. ಇಲ್ಲದ ಕ್ಯಾಮೆರಾ. ಆದ್ರೆ ಕಂಪ್ಯೂಟರಿಗೆ ಮಾತ್ರ ಅದು ಇದೆ ಅಂತಾನೇ ಅನ್ಸುತ್ತೆ."

ತಾಯಿ ಮೇಜಿನ ಕಡೆ ಬೆರಳು ತೋರಿಸಿದರು. "ಇರೋ ಕ್ಯಾಮೆರಾನೇ ಎರಡಿವೆಯಲ್ಲೋ. ಇಲ್ಲದ್ದು ಯಾಕೆ?"

ವಿಜ್ಞಾನ ಮುಂದುವರಿಯದಿರುವುದು ಇಂಥ ಪ್ರಶ್ನೆಗಳಿಂದಲೇ ಎಂದುಕೊಂಡು ಎಂಜಿನಿಯರ್ರು ಕಿಟಕಿಯ ಕಡೆ ತಿರುಗಿದರು. ಅದಕ್ಕೆ ಕಡುನೀಲಿ ಪರದೆ ಹೊಡೆದರು. ಹೊಡೆದರು ಎಂದರೆ ಅಕ್ಷರಶಃ ಮೊಳೆ ಹೊಡೆದು ಹೊಡೆದರು. ಸ್ಟುಡಿಯೋ ಎಂದಮೇಲೆ ಬೀದಿಯ ಬಿಸಿಲಿಗೆ ಅಲ್ಲೇನು ಕೆಲಸ?

ಮೊದಲ ಪ್ರಯೋಗ ಮನೆಮಂದಿಯ ಮುಂದೆ ನಡೆಯಿತು. ಮುಖ ಬಂತು, ಕೈ ಬಂತು, ಬಂಗಾರದ ಅಕ್ಷರವೂ ಬಂತು. ಆದರೆ ಹೆಂಡತಿ ಕಡ್ಡಿ ಆಡಿಸಿದರೆ ಕೈ ಆಡಲಿಲ್ಲ, ನೆಗೆಯಿತು. ಈಗ ಇಲ್ಲಿತ್ತು, ಈಗ ಅಲ್ಲಿತ್ತು, ನಡುವಿನ ದಾರಿಯೇ ಇಲ್ಲ! ವಿಡಿಯೋ ಎಂದರೆ ಬೇರೇನಲ್ಲ, ಒಂದರ ಬೆನ್ನಿಗೊಂದು ಓಡುವ ಫೋಟೋಗಳು. ಅವಕ್ಕೆ ಫ್ರೇಮ್ ಎನ್ನುತ್ತಾರೆ. ಸೆಕೆಂಡಿಗೆ ಮೂವತ್ತು ಫ್ರೇಮ್ ಓಡಿದರೆ ಕಣ್ಣಿಗೆ ನೀರು ಹರಿದಂತೆ ಕಾಣುತ್ತದೆ. ಎಂಜಿನಿಯರ್ರ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಹಸಿರು ಅಂಕಿಯೊಂದು ಹತ್ತು ಎಂದು ಹೇಳುತ್ತಿತ್ತು.

"ಅದು ಬಿಸಿಯಾಗ್ಬೇಕು. ಆಮೇಲೆ ಸರಿಹೋಗುತ್ತೆ," ಎಂದರು ಅವರು, ಹಳೆಯ ರೇಡಿಯೋ ಕಾಲದ ಧೈರ್ಯದಲ್ಲಿ.

ಬುಧವಾರ ತಾಲೀಮು. ಖಾಯಂ ಶಿಷ್ಯೆಯರೆಲ್ಲ ಅವರವರ ಮನೆಯಲ್ಲೇ ಫೋನು ಹಿಡಿದು ಕೂತರು. ಪಾಠ ಮಗುವಿನ ಟೋಪಿ. ಈ ಟೋಪಿಯನ್ನು ನೆತ್ತಿಯಿಂದ ಶುರುಮಾಡಬೇಕು. ಬೆರಳೆಣಿಕೆಯ ಕುಣಿಕೆಗಳಿಂದ ಹೊರಟು, ನಡುನಡುವೆ ಕಡ್ಡಿಗೆ ಒಂದು ಸುತ್ತು ದಾರ ಹೆಚ್ಚಾಗಿ ಸುತ್ತಿಕೊಂಡರೆ ಕುಣಿಕೆಗಳು ಹೆಚ್ಚುತ್ತಾ ಟೋಪಿ ಅಗಲವಾಗುತ್ತದೆ. ಆ ಒಂದು ಸುತ್ತು ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಟೀಚರ್ ಅದನ್ನು ಬಾಯಲ್ಲಿ ಹೇಳುವವಳಲ್ಲ. ಬಾಯಲ್ಲಿ ಹೇಳಿದರೆ ಕಿವಿಗೆ ಹೋಗುತ್ತದೆ, ಕೈ ನೋಡಿದರೆ ಕೈಗೇ ಹೋಗುತ್ತದೆ ಎಂಬುದು ಅವಳ ಪದ್ಧತಿ. "ನನ್ನ ಕೈ ನೋಡಿ, ಹಾಗೇ ಮಾಡಿ," ಎಂದಷ್ಟೇ ಹೇಳಿ ಹೆಣೆಯುತ್ತಾ ಹೋದಳು. ಶಿಷ್ಯೆಯರೂ ಕಂಡದ್ದನ್ನು ಕಂಡಹಾಗೇ ಮಾಡಿದರು.

ಮರುದಿನ ಬೆಳಿಗ್ಗೆ ನಿವೃತ್ತ ನರ್ಸಮ್ಮ ಬಾಗಿಲಿಗೆ ಬಂದರು. ಬಚ್ಚಲುಮನೆಯ ದೀಪ ಹತ್ತಿದ್ದು ನೋಡಿ ಹೆಂಡತಿ ಹೋಗಿ ಬಾಗಿಲು ತೆಗೆದಳು. ನರ್ಸಮ್ಮ ಶಿಷ್ಯೆಯರಲ್ಲೆಲ್ಲ ಹಿರಿಯರು, ಟೀಚರ್ ಮಾತೆಂದರೆ ಡಾಕ್ಟರ್ ಚೀಟಿಯಷ್ಟೇ ನಿಷ್ಠೆ. ಸುಮ್ಮನೆ ಬಲಗೈಯ ಹೆಬ್ಬೆರಳು ಎತ್ತಿ ತೋರಿಸಿದರು. ಹೆಬ್ಬೆರಳಿಗೆ ಹಳದಿ ಉಲ್ಲನ್ನಿನ ಉದ್ದನೆಯ ಕೊಳವೆಯೊಂದು ಸರಿಯಾಗಿ ಕೂತಿತ್ತು.

"ನಾನು ಎಷ್ಟೋ ಹೆರಿಗೆ ನೋಡಿದೀನಿ ಟೀಚರ್. ಇಷ್ಟು ಸಣ್ಣ ತಲೆ ಮಗೂನ ನೋಡಿಲ್ಲ."

ಮಧ್ಯಾಹ್ನದೊಳಗೆ ಉಳಿದವರ ಫೋಟೋಗಳೂ ಬಂದವು. ಎಲ್ಲವೂ ಕೊಳವೆಗಳೇ. ಒಬ್ಬಾಕೆ ಅದನ್ನು ಪೆನ್ನಿಗೆ ತೊಡಿಸಿ, ಚಂದ ಇದೆ, ಆದರೆ ಮಗುವಿಗೆ ಹೇಗೆ ಹಾಕುವುದು ಎಂದು ವಿನಯದಿಂದ ಕೇಳಿದ್ದಳು. ದಾರ ಸುತ್ತಿಕೊಳ್ಳುವ ಆ ಒಂದು ಗಳಿಗೆ, ಫ್ರೇಮು ಫ್ರೇಮಿನ ನಡುವಿನ ಹಳ್ಳಕ್ಕೆ ಬಿದ್ದು ಯಾರ ಕಣ್ಣಿಗೂ ಕಾಣಿಸಿರಲಿಲ್ಲ. ಇಷ್ಟು ವರ್ಷದಲ್ಲಿ ಟೀಚರ್ ಕಲಿಸಿದ್ದು ತಪ್ಪಾದದ್ದು ಅದೇ ಮೊದಲು. ಅವಳು ಆ ಹಳದಿ ಕೊಳವೆಯನ್ನು ತನ್ನ ಬೆರಳಿಗೂ ಹಾಕಿ ನೋಡಿದಳು, ತೆಗೆದಿಟ್ಟಳು, ಬೈಯಲಿಲ್ಲ. ಬೈದಿದ್ದರೆ ಎಂಜಿನಿಯರ್ರಿಗೆ ಎಷ್ಟೋ ಹಗುರಾಗುತ್ತಿತ್ತು.

"ನಾನು ಡಬ್ಬಕ್ಕೇ ಒರಗಿಸ್ಕೋತೀನಿ ರೀ. ಶನಿವಾರ ಹೀಗಾದ್ರೆ ಮುಗೀತು."

"ಶನಿವಾರದೊಳಗೆ ಸರಿಮಾಡ್ತೀನಿ. ಕಚೇರಿಗೆ ರಜೆ ಹಾಕಿದೀನಿ."

ಅವಳು ಅವರ ಮುಖ ನೋಡಿದಳು. ತನ್ನ ಹೆಣಿಗೆಗೆಂದು ಈ ಮನುಷ್ಯ ರಜೆ ಹಾಕಿದ್ದು ಇದೇ ಮೊದಲು. ಸ್ವೆಟರ್ ಹಾಕಿಕೊಳ್ಳುವಾಗ ಬಿಟ್ಟರೆ ಉಲ್ಲನ್ ಕಡೆ ಅವರು ಕಣ್ಣೆತ್ತಿ ನೋಡಿದವರೇ ಅಲ್ಲ. ಈಗ ಎರಡು ದಿನದಿಂದ ಅವಳ ಕೈಯನ್ನೇ ದಿಟ್ಟಿಸಿ ಕೂತಿದ್ದರು, ಫ್ರೇಮ್ ಎಣಿಸುವುದಕ್ಕಾದರೂ ಸರಿಯೇ. ಮನಸ್ಸು ಕರಗಿ ಹೂಂ ಎಂದುಬಿಟ್ಟಳು. ಆ ಹೂಂ ಎಂಬುದರ ಬೆಲೆ ಆಗ ಅವಳಿಗೆ ಗೊತ್ತಿರಲಿಲ್ಲ.

ಇನ್ನು ಎಂಜಿನಿಯರ್ರ ಸಾಹಸವನ್ನು ಏನೆಂದು ಬಣ್ಣಿಸುವುದು! ಫ್ರೇಮ್ ಕಡಿಮೆ ಬಂದರೆ ಹೆಚ್ಚು ಕೇಳಬೇಕು ಎಂಬ ನ್ಯಾಯದಿಂದ, ಮೂವತ್ತು ಎಂದಿದ್ದ ಕಡೆಯೆಲ್ಲ ಅರವತ್ತು ಮಾಡಿದರು. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಬೊಬ್ಬೆಯಿಟ್ಟಿತೇ ಹೊರತು ಹಸಿರು ಅಂಕಿ ಕದಲಲಿಲ್ಲ. ಹದಿನೈದಕ್ಕೆ ಇಳಿಸಿದರು, ಫ್ಯಾನು ಸುಮ್ಮನಾಯಿತು, ಅಂಕಿಯೂ ಸುಮ್ಮನೆ ಕೂತಿತು. ಚಿತ್ರ ಚಿಕ್ಕದು ಮಾಡಿದರು. ಬಂಗಾರದ ಅಕ್ಷರ ತೆಗೆಯಲು ಮನಸ್ಸಾಗದೆ ಹೆಂಡತಿಯ ಮುಖ ತೆಗೆದರು. ಆಮೇಲೆ ಡ್ರೈವರನ್ನೇ ಕೆಲಸದಿಂದ ಕಿತ್ತುಹಾಕಿ ಮತ್ತೆ ನೇಮಿಸಿಕೊಂಡರು. ಹಳೆಯವನು ಹೋಗಲೊಲ್ಲ, ಹೊಸಬನೂ ಬಂದು ಕೂತ. ಪಟ್ಟಿಯಲ್ಲಿ ಈಗ ಎರಡು ಇಲ್ಲದ ಕ್ಯಾಮೆರಾಗಳು. ಇನ್ನೊಮ್ಮೆ ಕಿತ್ತರೆ ಮೂರಾದವು, ಮೂರನೆಯದು ಎಲ್ಲವನ್ನೂ ತಲೆಕೆಳಗಾಗಿ ತೋರಿಸಿತು. ಇರುವ ಎರಡು ಕ್ಯಾಮೆರಾಗಳಿಗಿಂತ ಇಲ್ಲದ ಕ್ಯಾಮೆರಾಗಳೇ ಹೆಚ್ಚಾಗಿ, ಮೂರನ್ನೂ ಪೂರ್ತಿ ಗುಡಿಸಿಹಾಕಿ ಮತ್ತೆ ಮೊದಲಿನ ಒಂದಕ್ಕೆ ಬರುವಷ್ಟರಲ್ಲಿ ಅವರ ಊಟದ ಹೊತ್ತು ಮೀರಿಹೋಗಿತ್ತು.

ಪರೀಕ್ಷೆ ಶಾಸ್ತ್ರೀಯವಾಗಿ ನಡೆಯಬೇಕಲ್ಲ. ಒಂದೇ ಸಮನೆ ಆಡುವ ವಸ್ತು ಬೇಕು ಎಂದು ತಾಯಿಯನ್ನು ಕ್ಯಾಮೆರಾ ಮುಂದೆ ಕೂರಿಸಿ, ಕೈಗೆ ದಾರಕ್ಕೆ ಕಟ್ಟಿದ ಉಲ್ಲನ್ ಉಂಡೆ ಕೊಟ್ಟು, ಅತ್ತಿಂದಿತ್ತ ತೂಗಲು ಹೇಳಿದರು. ಪರದೆಯಲ್ಲಿ ಉಂಡೆ ಎಡಕ್ಕಿತ್ತು, ಆಮೇಲೆ ಬಲಕ್ಕಿತ್ತು. ಮಧ್ಯಕ್ಕೆ ಅದು ಬಂದದ್ದಕ್ಕೆ ಸಾಕ್ಷಿಯೇ ಇಲ್ಲ. ಎಂಜಿನಿಯರ್ರು ಒಂದೊಂದು ಗುಂಡಿ ಒತ್ತಿ, ಇನ್ನೊಮ್ಮೆ ಎನ್ನುವರು. ತಾಯಿ ಇನ್ನೊಮ್ಮೆ ತೂಗುವರು.

"ನಿನ್ನ ತೊಟ್ಟಿಲನ್ನೂ ಇಷ್ಟು ಹೊತ್ತು ತೂಗಿರಲಿಲ್ಲ ಕಣೋ," ಎಂದರು ಕೊನೆಗೆ. "ಆಗ ನೀನಾದ್ರೂ ನಿದ್ದೆ ಮಾಡ್ತಿದ್ದೆ."

ಸೋತು ಸುಣ್ಣವಾದ ಎಂಜಿನಿಯರ್ರು ಅಭಿಮಾನ ಬಿಟ್ಟು ಕಚೇರಿಯ ಕಂಪ್ಯೂಟರ್ ವಿಭಾಗದ ಸಹೋದ್ಯೋಗಿಗೆ ಫೋನು ಹಚ್ಚಿದರು. ರಿಪೇರಿಯವನು ಹೊಸ್ತಿಲು ದಾಟಕೂಡದು ಎಂದಿದ್ದೇ ಹೊರತು ಫೋನಿನಲ್ಲಿ ಬರಕೂಡದು ಎಂದಿರಲಿಲ್ಲ. ಆತ ಯಾವುದೋ ಗಡಿಬಿಡಿಯಲ್ಲಿದ್ದ. ಕಂಪ್ಯೂಟರಿನ ಮೇಲೆ ಹೊರೆ ಹೆಚ್ಚಾಗಿರಬಹುದು, ಅದನ್ನು ಇಳಿಸಿ ನೋಡಿ ಎಂದಷ್ಟೇ ಹೇಳಿ ಇಟ್ಟ.

ಹೊರೆ! ಎಂಜಿನಿಯರ್ರ ತಲೆಯಲ್ಲಿ ಮಿಂಚು ಹೊಡೆಯಿತು. ಕೋಣೆಯಲ್ಲಿ ಕಾಣುವ ವಸ್ತುಗಳೆಲ್ಲ ಹೊರೆಯಲ್ಲವೇ? ಗೋಡೆ, ಗೋಡೆಯ ಬಿರುಕು, ಕಪಾಟು, ಕಪಾಟಿನ ಮೇಲಿನ ಪೆಟ್ಟಿಗೆ, ಪಾಪದ ಕಂಪ್ಯೂಟರು ಎಷ್ಟೆಂದು ಹೊತ್ತೀತು? ಕತ್ತಲೆ ಮಾಡಿದರೆ ಎಲ್ಲವೂ ಕಪ್ಪು. ಕಪ್ಪನ್ನು ಹೊರುವುದಕ್ಕೆ ಏನು ಭಾರ? ಈ ತರ್ಕದ ಹೊಳಪಿಗೆ ಅವರೇ ಬೆರಗಾದರು. ಟ್ಯೂಬ್‌ಲೈಟ್ ಆರಿಸಿದರು. ನೀಲಿ ಪರದೆಯ ಮೇಲೆ ಕಂಬಳಿ ಹೊದಿಸಿ ಇನ್ನಷ್ಟು ಮೊಳೆ ಹೊಡೆದರು. ಬಾಗಿಲ ಸಂದಿಗೆ ಬಟ್ಟೆ ತುರುಕಿದರು. ಹೆಂಡತಿಗೆ ಕಪ್ಪು ಶಾಲು ಹೊದೆಯಲು ಹೇಳಿದರು. ಬೆಳಕೆಂದು ಉಳಿದದ್ದು ಮೇಜಿನ ಮೇಲಿನ ಒಂದು ಪುಟ್ಟ ದೀಪ.

ತಮಾಷೆಯೆಂದರೆ, ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಅಷ್ಟೇನೂ ಕತ್ತಲೆಯಾಗಿ ಕಾಣಲಿಲ್ಲ. ಅದಕ್ಕೇ ಎಂಜಿನಿಯರ್ರಿಗೆ ಅನುಮಾನವೂ ಬರಲಿಲ್ಲ. ಆದರೆ ಹಸಿರು ಅಂಕಿ ಹತ್ತರಿಂದ ಐದಕ್ಕೆ ಇಳಿಯಿತು. ಇನ್ನೂ ಎಲ್ಲೋ ಬೆಳಕಿನ ಸಂದಿ ಉಳಿದಿರಬೇಕೆಂದು ಅವರು ಕೀಲಿಯ ತೂತಿಗೂ ಹತ್ತಿ ಇಟ್ಟರು.

ಶನಿವಾರ ಬಂದೇಬಂತು. ಕೊನೆಗಳಿಗೆಯಲ್ಲಿ ಹೆಂಡತಿ ಸಕ್ಕರೆ ಡಬ್ಬ ಹಿಡಿದು ಬಂದಳು. ಆದರೆ ಫೋನು ಛತ್ರಿಯ ಚೌಕಟ್ಟಿನ ನೆತ್ತಿಯಲ್ಲಿ ಅಂಟುಪಟ್ಟಿಯ ಸುತ್ತುಗಳೊಳಗೆ ಈಜಿಪ್ಟಿನ ಮಮ್ಮಿಯಾಗಿ ಕೂತಿತ್ತು. ಬಿಚ್ಚಲು ಹೊತ್ತಿರಲಿಲ್ಲ, ಕರೆ ಬಂದಾಗಿತ್ತು. ಡಬ್ಬವನ್ನು ಮಡಿಲಲ್ಲಿಟ್ಟುಕೊಂಡೇ ಅವಳು ಕತ್ತಲಲ್ಲಿ ಕೂತಳು. ಪುಟ್ಟ ದೀಪದ ಕೆಳಗೆ ಅವಳ ಎರಡು ಕೈ ಮಾತ್ರ ಇದ್ದವು.

ಮುಖ್ಯಸ್ಥೆಯ ದನಿ ಗಂಭೀರವಾಗಿತ್ತು. ಶುರುಮಾಡಿ ಎಂದರು. ಇವಳು ಅದೇ ಮಗುವಿನ ಟೋಪಿ ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಆಚೆಯಿಂದ ಕೆಮ್ಮು ಕೇಳಿಸಿತು.

"ಟೀಚರ್, ನಿಮ್ಮ ಕೈ ಹಾರಿ ಹಾರಿ ಬರ್ತಿದೆ. ಇದರಲ್ಲಿ ನಮ್ಮ ಹುಡುಗೀರು ಕಲಿಯೋದು ಕಷ್ಟ."

"ಒಂದು ನಿಮಿಷ ಮೇಡಂ," ಎಂದಳು ಹೆಂಡತಿ.

ಎಂಜಿನಿಯರ್ರು ಮೇಜಿನ ಕೆಳಗೆ ತೂರಿ ಒಂದು ತಂತಿ ಕಿತ್ತು ಚುಚ್ಚಿದರು, ಎದ್ದುಬಂದು ಒಂದು ಗುಂಡಿ ಒತ್ತಿದರು, ಇನ್ನೊಂದು ಒತ್ತಹೋದರು. ಅಷ್ಟರಲ್ಲಿ ಹೆಂಡತಿ ಕಡ್ಡಿ ಕೆಳಗಿಟ್ಟಳು. ಅವರ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು.

"ನೀವು ಸ್ವಲ್ಪ ಆಚೆ ಹೋಗಿ."

ಇಷ್ಟು ವರ್ಷದ ಸಂಸಾರದಲ್ಲಿ ಎಷ್ಟೋ ಮಾತು ಕೇಳಿದ್ದರು. ಇದರಷ್ಟು ಚಿಕ್ಕದು, ಇದರಷ್ಟು ನಾಟಿದ್ದು ಬೇರೆ ಇಲ್ಲ. ಕರೆಗಂಟೆ ಕೆಟ್ಟರೆ ಬಾಗಿಲು ತಟ್ಟಬಹುದು, ಮಿಕ್ಸಿ ಕೆಟ್ಟರೆ ಒಗ್ಗಿಕೊಳ್ಳಬಹುದು. ಇವತ್ತು ಕೆಟ್ಟದ್ದು ಅವಳು ಪಿಸುಮಾತಿನಲ್ಲಿ ಹೇಳಿದ ಆ ಒಂದು ಕಾಗದ. ಎಂಜಿನಿಯರ್ರು ಬಾಲ ಮುದುರಿಕೊಂಡು ಬಾಗಿಲಿನ ಸಂದಿಯ ಬಟ್ಟೆ ಕಿತ್ತು, ಬಾಗಿಲು ತೆರೆದು ನಡುಮನೆಗೆ ಕಾಲಿಟ್ಟರು.

ಹೋಗುತ್ತಾ ಒಮ್ಮೆ ಹಿಂತಿರುಗಿ ನೋಡಿದರು. ಅವಳು ಮತ್ತೆ ಕಡ್ಡಿ ಎತ್ತಿಕೊಂಡು ಹೆಣೆಯತೊಡಗಿದ್ದಳು. ಹಸಿರು ಅಂಕಿ ಐದು ಇದ್ದದ್ದು ಹನ್ನೆರಡಾಗಿತ್ತು.

ಕಣ್ಣುಜ್ಜಿಕೊಂಡರು. ಮೆಲ್ಲನೆ ಒಳಗೆ ಬಂದು ಬಾಗಿಲು ಹಾಕಿದರು, ಐದು. ಹೊರಗೆ ಹೋದರು, ಹನ್ನೆರಡು. ಒಳಗೆ, ಐದು. ಹೊರಗೆ, ಹನ್ನೆರಡು. ಎಷ್ಟು ಹುಡುಕಿದರೂ ಸಿಗದ ದೋಷ ಕೊನೆಗೂ ಸಿಕ್ಕಿತ್ತು. ಡ್ರೈವರ್ ಅಲ್ಲ, ತಂತಿ ಅಲ್ಲ, ಕಂಪ್ಯೂಟರಿನ ಹೊರೆಯೂ ಅಲ್ಲ. ದೋಷ ತಾವೇ! ಈ ಕೋಣೆಯಲ್ಲಿ ತಾವು ಇದ್ದರೆ ಕೆಡುತ್ತದೆ, ತೊಲಗಿದರೆ ಸರಿಹೋಗುತ್ತದೆ. ಮನೆಯ ಮಿಕ್ಸಿಗೂ ಇಸ್ತ್ರಿಪೆಟ್ಟಿಗೆಗೂ ಇದು ಮೊದಲಿನಿಂದಲೂ ಗೊತ್ತಿತ್ತೋ ಏನೋ, ಪಾಪ, ಅವಕ್ಕೆ ಅಂಕಿ ತೋರಿಸಲು ಬರುತ್ತಿರಲಿಲ್ಲ.

ಈ ಮಹಾಸತ್ಯವನ್ನು ಅರಗಿಸಿಕೊಳ್ಳುತ್ತಾ ಅವರು ಹೊಸ್ತಿಲ ಮೇಲೆಯೇ ನಿಂತರು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಬಾಗಿಲು ತೆರೆದೇ ಇತ್ತು. ಅಂಕಿ ಹನ್ನೆರಡೇ ಇತ್ತು. ಅರ್ಧ ಎಂಜಿನಿಯರ್ ಒಳಗಿದ್ದರೂ ಹನ್ನೆರಡೇ ಹೇಗೆ? ಪೂರ್ತಿ ಒಳಗೆ ಬಂದರು, ಬಾಗಿಲು ಹಾಕಲಿಲ್ಲ. ಆಗಲೂ ಹನ್ನೆರಡೇ. ಅವರು ತಮ್ಮ ಕಾಲ ಬಳಿ ನೋಡಿದರು. ನಡುಮನೆಯ ಬೆಳಕು ತೆರೆದ ಬಾಗಿಲಿನಿಂದ ನೆಲದ ಮೇಲೆ ಚಾಪೆ ಹಾಸಿದ ಹಾಗೆ ಬಿದ್ದು, ಮೇಜಿನ ಕಾಲಿನವರೆಗೂ ಹೋಗಿತ್ತು.

ಬೆಳಕು!

ಕತ್ತಲಲ್ಲಿ ದಾರದ ಕೊನೆ ಹುಡುಕುವವರು ಕಣ್ಣರಳಿಸಿ ಎಷ್ಟು ಹೊತ್ತು ನೋಡುತ್ತಾರೋ, ಕ್ಯಾಮೆರಾದ ಪಾಡೂ ಅಷ್ಟೇ. ಬೆಳಕು ಕಡಿಮೆಯಾದಷ್ಟೂ ಅದು ಒಂದೊಂದು ಫೋಟೋಗೂ ಹೆಚ್ಚು ಹೊತ್ತು ಕಣ್ಣು ತೆರೆದಿಡಬೇಕು. ಚಿತ್ರವೇನೋ ಬೆಳ್ಳಗೆ ಬರುತ್ತದೆ, ಆದರೆ ಸೆಕೆಂಡಿಗೆ ಸಿಗುವ ಫೋಟೋಗಳು ಕಡಿಮೆಯಾಗುತ್ತವೆ. ಇಷ್ಟು ದಿನ ಅವರು ಮೊಳೆ ಹೊಡೆದು ಹೊಡೆದು ಹೊರಗೆ ತಳ್ಳಿದ್ದು ಹೊರೆಯನ್ನಲ್ಲ, ಫ್ರೇಮುಗಳನ್ನು.

ಆಚೆ ಮುಖ್ಯಸ್ಥೆ, ಇನ್ನೊಂದು ದಿನ ನೋಡೋಣ ಎಂಬ ಮಾತಿಗೆ ಬಂದಿದ್ದರು. ಇನ್ನೊಂದು ದಿನ ಎಂಬುದರ ಅರ್ಥ ಎಲ್ಲರಿಗೂ ಗೊತ್ತಿರುವುದೇ. ಎಂಜಿನಿಯರ್ರು ಒಂದೇ ನೆಗೆತಕ್ಕೆ ಕೋಣೆ ದಾಟಿ ಕಂಬಳಿಗೆ ಕೈ ಹಾಕಿದರು. ಅದು ಬರಲಿಲ್ಲ. ಜನ್ಮದಲ್ಲಿ ಅವರು ಭದ್ರವಾಗಿ ಮಾಡಿದ ಕೆಲಸವೆಂದರೆ ಆ ಮೊಳೆಗಳೊಂದೇ! ಎರಡೂ ಕೈಯಿಂದ ಜೋತುಬಿದ್ದು, ಕಾಲನ್ನು ಗೋಡೆಗೆ ಒದೆಕೊಟ್ಟು ಜಗ್ಗಿದರು. ಕಂಬಳಿ, ಪರದೆ, ಪರದೆಯ ಸರಳು, ಸರಳಿನ ಜೊತೆ ಒಂದಷ್ಟು ಗಾರೆ, ಎಲ್ಲದರ ಅಡಿಯಲ್ಲಿ ಎಂಜಿನಿಯರ್ರು, ಹೀಗೆ ಎಲ್ಲವೂ ಒಂದಾಗಿ ನೆಲಕ್ಕೆ ಬಂದವು.

ಸಂಜೆಯ ಬಿಸಿಲು ಕಿಟಕಿಯಿಂದ ಕೋಣೆಗೆ ನುಗ್ಗಿತು. ಹಸಿರು ಅಂಕಿ ಮೂವತ್ತಕ್ಕೆ ಏರಿ ನಿಂತಿತು.

ಹೆಂಡತಿ ಬೆಚ್ಚಿದಳು ನಿಜ, ಕೈ ಮಾತ್ರ ನಿಲ್ಲಿಸಲಿಲ್ಲ. ಬಿಸಿಲು ಬಿದ್ದ ಕೈಯಲ್ಲಿ ದಾರ ಕಡ್ಡಿಯನ್ನು ಸುತ್ತಿ, ಕುಣಿಕೆಯೊಳಗೆ ನುಸುಳಿ, ನಯವಾಗಿ ಹೊರಬಂದಿತು. ಕಂಪ್ಯೂಟರಿನಲ್ಲೂ ಹಾಗೇ ಬಂತು, ಒಂದು ಎಳೆಯೂ ತಪ್ಪಲಿಲ್ಲ. ಕಂಬಳಿಯ ಸಂದಿಯಿಂದ ಒಂದೇ ಕಣ್ಣು ಹೊರಹಾಕಿ ಎಂಜಿನಿಯರ್ರು ಅದನ್ನು ನೋಡಿದರು. ಅಂಕಿ ನೋಡುವುದು ಮರೆತೇಹೋಯಿತು. ಇಷ್ಟು ವರ್ಷ ಇದು ಪಕ್ಕದಲ್ಲೇ ನಡೆಯುತ್ತಿತ್ತಲ್ಲ, ತಾನೆಲ್ಲಿ ನೋಡುತ್ತಿದ್ದೆ ಎಂದು ಅವರಿಗೆ ನಾಚಿಕೆಯಾಯಿತು.

ಪಾಠ ಮುಗಿಯಿತು. ಮುಖ್ಯಸ್ಥೆ ತಮ್ಮ ಕೈಯನ್ನು ಕ್ಯಾಮೆರಾದ ಮುಂದೆ ಹಿಡಿದರು. ಅವರೂ ಮೇಜಿನ ಕೆಳಗೆ ಗುಟ್ಟಾಗಿ ಹೆಣೆಯುತ್ತಿದ್ದರು! ಹಿಡಿಯಷ್ಟಗಲದ ಗುಲಾಬಿ ಟೋಪಿಯ ನೆತ್ತಿಯೊಂದು ಅವರ ಕಡ್ಡಿಯಲ್ಲಿ ಅರಳಿಕೊಂಡಿತ್ತು.

"ನನಗೆ ಜೀವಮಾನದಲ್ಲಿ ಹೆಣಿಗೆ ಹತ್ತಿರಲಿಲ್ಲ," ಎಂದರು. "ಸೋಮವಾರ ಬಂದು ಆದೇಶ ತಗೊಂಡು ಹೋಗಿ ಟೀಚರ್. ಅಂದಹಾಗೆ, ನಿಮ್ಮ ಹಿಂದೆ ಏನೋ ಬಿತ್ತಲ್ಲ, ಯಾರಿಗೂ ಏಟಾಗಿಲ್ಲ ತಾನೇ?"

"ಇಲ್ಲ ಮೇಡಂ. ಪರದೆ ಬಿತ್ತು."

ಪರದೆ ಕೆಳಗಿನಿಂದ ನರಳಿತು. ಮುಖ್ಯಸ್ಥೆ ದೊಡ್ಡ ಮನಸ್ಸಿನವರು, ಕೇಳಿಸದವರಂತೆ ಕರೆ ಮುಗಿಸಿದರು.

ಆದೇಶದ ಕಾಗದ ಬಂದಮೇಲೆ ಈ ಕಥೆಯಲ್ಲೂ ಆಕೆಯನ್ನು ಅವಳು ಇವಳು ಎನ್ನುವಂತಿಲ್ಲ, ಟೀಚರ್ ಎಂದು ಗೌರವದಿಂದಲೇ ಕರೆಯಬೇಕು. ಎಂಜಿನಿಯರ್ರ ಬಹುವಚನ ಉಳಿಯಿತೇ ಎಂದು ಮಾತ್ರ ಕೇಳಬೇಡಿ. ಛತ್ರಿಯ ಚೌಕಟ್ಟು ಅಟ್ಟ ಸೇರಿತು. ಫೋನಿನ ಅಂಟು ಬಿಡಿಸಲು ಅವರೇ ಎರಡು ಸಂಜೆ ಕೂರಬೇಕಾಯಿತು. ಕಿಟಕಿಗೆ ಪರದೆ ಇಲ್ಲ, ಗೋಡೆಯ ಗಾರೆ ಮೆತ್ತಲು ಹೊಸ್ತಿಲು ದಾಟಿ ರಿಪೇರಿಯವನೇ ಬಂದ. ಅವನಿಗೆ ಚಹಾ ಮಾಡಿಕೊಟ್ಟವರು ಎಂಜಿನಿಯರ್ರು. ಹಾಗೇ ಕರೆಗಂಟೆಯನ್ನೂ ಸ್ವಲ್ಪ ನೋಡಿಬಿಡಪ್ಪ ಎಂದು ಕೇಳಿಕೊಂಡವರೂ ಅವರೇ.

ಮೊದಲ ತರಗತಿಯ ದಿನ ಟೀಚರ್ ಕಿಟಕಿಯ ಪಕ್ಕ ಕೂತು, ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ ಪಾಠ ಶುರುಮಾಡಿದರು. ಹಿಂದಿನ ಸ್ಟೂಲಿನಲ್ಲಿ ಎಂಜಿನಿಯರ್ರು. ತಾಲೀಮಿನ ದಿನದ ಕೊಳವೆಗಳನ್ನೆಲ್ಲ ಶಿಷ್ಯೆಯರು ಹಿಂದಿರುಗಿಸಿದ್ದರು. ಅವನ್ನು ಬಿಚ್ಚಿ, ಆ ಉಲ್ಲನ್ನನ್ನು ಲಡಿಯಾಗಿ ಸುತ್ತಲು ಎರಡು ಕೈ ಬೇಕಿತ್ತು. ಎಂಜಿನಿಯರ್ರು ಎರಡೂ ಕೈಗಳನ್ನು ಮುಂದೆ ಚಾಚಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪಕ್ಕದಲ್ಲಿ ತಾಯಿ, ಮಗ ತೂಗಿಸಿದ್ದಕ್ಕೆಲ್ಲ ಸೇಡು ತೀರಿಸಿಕೊಳ್ಳುವವರಂತೆ, ನಿಧಾನವಾಗಿ ಅವರ ಕೈಗೆ ದಾರ ಸುತ್ತುತ್ತಿದ್ದರು. ಸುತ್ತಿ ಸುತ್ತಿ ದಣಿದು ಸ್ವಲ್ಪ ವಿಶ್ರಾಂತಿಗೆಂದು ಒಳಗೆ ಹೋದರು. ಎಂಜಿನಿಯರ್ರು ಕೈ ಇಳಿಸುವಂತಿಲ್ಲ, ತಿರುಗುವಂತಿಲ್ಲ. ಮೂಗಿನ ಮೇಲೆ ನೊಣ ಕೂತರೂ ಉಸಿರು ಬಿಗಿಹಿಡಿದರು.

ಪಾಠದ ನಡುವೆ ದೂರದ ವಿದ್ಯಾರ್ಥಿನಿಯೊಬ್ಬಳು ಕೈಯೆತ್ತಿದಳು.

"ಟೀಚರ್, ನಿಮ್ಮ ಕೈ ಚೆನ್ನಾಗಿ ಕಾಣ್ತಿದೆ. ಆದ್ರೆ ಹಿಂದೆ ಇರೋ ಸರ್ ಅವರ ಚಿತ್ರ ಆಗಲೇ ನಿಂತುಹೋಗಿದೆ. ಡ್ರೈವರ್ ಏನಾದ್ರೂ ತೊಂದರೆ ಕೊಡ್ತಿದೆಯಾ?"

ಟೀಚರ್ ತಿರುಗಿಯೂ ನೋಡಲಿಲ್ಲ. ದಾರವನ್ನು ಕಡ್ಡಿಗೆ ಒಂದು ಸುತ್ತು ಸುತ್ತಿ, ಕುಣಿಕೆ ಎತ್ತಿಕೊಂಡರು.

"ತೊಂದರೆ ಏನಿಲ್ಲಮ್ಮ. ಈಗಲೇ ಸರಿಯಾಗಿ ಕೆಲಸ ಮಾಡ್ತಿರೋದು. ಅಲ್ಲಾಡಬೇಡಿ ಅಂತ ನಾನೇ ಹೇಳಿದೀನಿ."